ಅವಸರದ ಟೊಪ್ಪಿ

ಹೆಣಿಗೆಯ ಕುಣಿಕೆಯೊಂದು ಕಡ್ಡಿಯಿಂದ ಜಾರಿ ಕೆಳಗಿನ ಸುತ್ತಿಗೆ ಇಳಿಯುವಷ್ಟರಲ್ಲಿ ಸೊಸೆ ಅದನ್ನು ಉಗುರಿನಲ್ಲಿ ತಡೆದು, ಎತ್ತಿ, ಮತ್ತೆ ಕಡ್ಡಿಗೇರಿಸಿದಳು. ಹಿಂದಿನ ಕೋಣೆಯ ಬಾಗಿಲಿಗೆ ಅಗುಳಿ ಇರಲಿಲ್ಲ. ಹಸನು ಮಾಡದ ಉಣ್ಣೆಯ ಮೂಟೆಯೊಂದನ್ನು ಬಾಗಿಲಿಗೆ ಅಡ್ಡ ಎಳೆದು ಅದರ ಮೇಲೇ ಕುಳಿತಿದ್ದಳು. ಯಾರಾದರೂ ಹೊರಗಿನಿಂದ ತಳ್ಳಿದರೆ ಮೊದಲು ಅವಳ ಬೆನ್ನಿಗೆ ತಿಳಿಯುತ್ತಿತ್ತು.

ಗೋಡೆಯ ಆಚೆ ನಡುಮನೆಯಲ್ಲಿ ಅತ್ತೆ ಮಲಗಿದ್ದರು. ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯಿಂದ ದೇಹ ತಂದಾಗ ಅವರ ತಲೆಗೆ ಬಿಳಿ ಬಟ್ಟೆ ಸುತ್ತಿತ್ತು. ಅವರು ಸದಾ ಹಾಕಿಕೊಳ್ಳುತ್ತಿದ್ದ ಟೊಪ್ಪಿ ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಅಲ್ಲಿಯ ಆಯಾ, "ಬಟ್ಟೆಯೆಲ್ಲ ಒಗೆಯೋಕೆ ಹೋಯ್ತಲ್ಲಮ್ಮ, ಯಾವ ಮೂಟೇಲಿ ಅಂತ ಹುಡುಕ್ಲಿ ನಾನು?" ಎಂದಿದ್ದಳು. ಮನೆಗೆ ಬಂದವರಿಗೆಲ್ಲ ಸೊಸೆ ಒಂದು ಸುಳ್ಳು ಹೇಳಿದ್ದಳು: ತಲೆಯ ಬಟ್ಟೆ ಬಿಚ್ಚಬಾರದೆಂದು ಡಾಕ್ಟರು ಹೇಳಿದ್ದಾರೆ. ಸುಳ್ಳು ನಿಂತಿತ್ತು. ಬಟ್ಟೆ ನಿಲ್ಲುತ್ತಿರಲಿಲ್ಲ. ಒಬ್ಬೊಬ್ಬರು ಬಂದು ಕೆನ್ನೆ ಮುಟ್ಟಿ ಹೋದಷ್ಟೂ ಅದು ಸಡಿಲವಾಗಿ ಕಿವಿಯ ಮೇಲಕ್ಕೆ ಸರಿಯುತ್ತಿತ್ತು.

ಬಟ್ಟೆಯ ಅಡಿಯಲ್ಲಿ ಒಂದು ಕೂದಲೂ ಇರಲಿಲ್ಲ. ಊರಿಗೆ ಅದು ಗೊತ್ತಿರಲಿಲ್ಲ. ಅತ್ತೆಯ ಸ್ವಂತ ಮಗಳಿಗೂ ಗೊತ್ತಿರಲಿಲ್ಲ. ಆ ಮಗಳು ಈಗ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಬರುವುದರೊಳಗೆ ಒಂದು ಟೊಪ್ಪಿ ಆಗಬೇಕಿತ್ತು.

ಊರಿನ ಅರ್ಧ ತಲೆಗಳಿಗೆ ಟೊಪ್ಪಿ ಹೆಣೆದ ಮನೆಯಲ್ಲಿ ಒಂದೇ ಒಂದು ಟೊಪ್ಪಿ ಉಳಿದಿರಲಿಲ್ಲ. ಉಣ್ಣೆ ವ್ಯಾಪಾರಿ ಹಿಂದಿನ ವಾರವೇ ಬಂದು ಹೆಣೆದದ್ದನ್ನೆಲ್ಲ ಬಾಚಿಕೊಂಡು ಹೋಗಿದ್ದ. ಉಳಿದದ್ದು ಮನೆಯ ಕಪ್ಪು ಕುರಿಯ ಉಣ್ಣೆಯಿಂದ ಅತ್ತೆಯೇ ನೂತಿಟ್ಟ ನಾಲ್ಕು ಉಂಡೆ ನೂಲು. ಅಲ್ಲಲ್ಲಿ ಬಿಳಿ ಎಳೆ ಸೇರಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಬೆನ್ನಿಗೆ ಬಾಗಿಲು ತಾಗಿತು.

"ನಾನೇ ಕಣೆ," ಎಂದಿತು ಗಂಡನ ದನಿ.

ಅವಳು ಸರಿದು ದಾರಿ ಬಿಟ್ಟಳು. ಗಂಡ ಒಳಗೆ ಬಂದು ಅಂಗಿಯೊಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದ. "ಅಂಗಡಿಯವನನ್ನ ಎಬ್ಬಿಸಿ ತಂದೆ. ಇದ್ದದ್ದು ಇದೊಂದೇ."

ಕಿತ್ತಳೆ ಬಣ್ಣದ ಯಂತ್ರದ ಟೊಪ್ಪಿ. ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕುಚ್ಚು. ಸೊಸೆ ಅದನ್ನು ನೋಡಿದಳು, ಗಂಡನನ್ನು ನೋಡಿದಳು.

"ಕುಚ್ಚು ಕತ್ತರಿಸಿದ್ರೆ?" ಎಂದ ಅವನು.

"ಯಂತ್ರದ ಟೊಪ್ಪಿ ಹಾಕ್ಕೊಳ್ಳೋಕಿಂತ ಮಡಕೆ ಕವುಚ್ಕೊಳ್ಳೋದು ವಾಸಿ ಅಂತಿದ್ರು ನಿಮ್ಮಮ್ಮ. ಇದನ್ನ ಹಾಕಿದ್ರೆ ಎದ್ದು ಕೂತು ಬೈತಾರೆ."

"ಎದ್ರೆ ಒಳ್ಳೇದೇ ಆಯ್ತಲ್ಲ," ಎಂದು ಅವನು ಟೊಪ್ಪಿಯನ್ನು ಮತ್ತೆ ಅಂಗಿಯೊಳಗೆ ತುರುಕಿಕೊಂಡ. "ಹಿರಿಯರು ಹೇಳ್ತಿದಾರೆ, ಆಸ್ಪತ್ರೆ ಬಟ್ಟೇಲಿ ಮಣ್ಣು ಮಾಡೋಕಾಗಲ್ಲವಂತೆ. ಗುಂಡಿ ಹತ್ರ ತಲೆ ಬಟ್ಟೆ ತೆಗೆದು, ಎಲ್ರೂ ಮುಖ ನೋಡ್ಬೇಕಂತೆ. ಆಗತ್ತಾ ನಿಂಗೆ?"

"ಮಾತಾಡಿಸ್ಬೇಡಿ. ಎಣಿಕೆ ತಪ್ಪತ್ತೆ."

ಅವನು ಹೋದ. ಅವಳು ಮತ್ತೆ ಮೂಟೆ ಎಳೆದು ಕುಳಿತಳು. ಗೋಡೆಯ ಆಚೆ ಯಾರೋ ಕೇಳುತ್ತಿದ್ದರು: "ಸೊಸೆ ಎಲ್ಲಿ ಕಾಣ್ತಾನೇ ಇಲ್ವಲ್ಲ?"

"ಹಿಂದೆ ಕೂತು ಅಳ್ತಿರ್ಬೇಕು, ಪಾಪ."

"ಅಳೋ ಸದ್ದಿಲ್ಲ ಕಣ್ರೀ. ಟಿಕಿಟಿಕಿ ಅಂತಿದೆ."

"ಹಲ್ಲಿ ಇರ್ಬೇಕು," ಎಂದು ಗುಬ್ಬಿಯಜ್ಜಿಯ ಕೀಚಲು ದನಿ ಮಾತು ಮುಗಿಸಿತು. ಪಕ್ಕದ ಮನೆಯ ಮುದುಕಿ, ಅತ್ತೆಯ ಜೊತೆ ಹೆಣಿಗೆ ಕೊಟ್ಟಿಗೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಮುದುಕಿಯಾದವಳು. ಅವಳಿಗೂ ಯಾರೂ ಏನೂ ಹೇಳಿರಲಿಲ್ಲ.

*

ಸೊಸೆ ಈ ಮನೆಗೆ ಬಂದ ಹೊಸತರ ಮಾತು. ಬೆಟ್ಟದ ಮೇಲಿನ ಹಳ್ಳಿಗೆ ಹೋಗುವ ಬಸ್ಸು ಮನೆಯೆದುರೇ ನಿಲ್ಲುತ್ತಿತ್ತು. ಒಂದು ಚಳಿಯ ಬೆಳಗ್ಗೆ ಡ್ರೈವರು ಕಿವಿಗೆ ಅಂಗೈ ಒತ್ತಿಕೊಂಡು ಕೂತಿದ್ದ.

"ಏನಪ್ಪಾ, ಕಿವೀಲಿ ಯಾರಾದ್ರೂ ಗುಟ್ಟು ಹೇಳಿದ್ರಾ?" ಎಂದರು ಅತ್ತೆ.

"ನೋವು ತಾಯಿ. ಕಿಟಕಿ ಗಾಜು ಒಡೆದಿದೆ, ಗಾಳಿ ನೆಟ್ಟಗೆ ಇಲ್ಲಿಗೇ."

ಅತ್ತೆ ಕಿಟಕಿಯೊಳಗೆ ಕೈ ಹಾಕಿ ಗೇಣಿನಿಂದ ಅವನ ತಲೆ ಅಳೆದರು. ಅವನು ಬೆಚ್ಚಿಬಿದ್ದ, ಬಸ್ಸಿಗೆ ಬಸ್ಸೇ ನಕ್ಕಿತು. "ನಡಿ, ಮೇಲೆ ಹೋಗಿ ಕೆಳಗೆ ಬಾ," ಎಂದು ಬಸ್ಸಿನ ಮೈ ತಟ್ಟಿದರು.

ಸೊಸೆ ಓಡಿಹೋಗಿ ನೂಲು, ಕಡ್ಡಿ ತಂದಳು. ಬಂದು ನೋಡಿದರೆ ಅತ್ತೆ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಚಹಾ ಕುಡಿಯುತ್ತಿದ್ದಾರೆ.

"ಅತ್ತೆ, ಬಸ್ಸು ಬಂದ್ಬಿಡತ್ತೆ!"

"ಬರ್ಲಿ ಬಿಡು, ಬರೋದಕ್ಕೇ ಹೋಗಿದ್ದು. ಅವಸರದ ಕೆಲಸ ಅಂದ್ರೆ ಮೊದಲು ಕೂತ್ಕೋಬೇಕು ಕಣೆ. ಕೂತು, ಏನೇನು ಬಿಡ್ಬಹುದು ಅಂತ ನೋಡ್ಬೇಕು. ಹೂವು ಬಿಡು, ಅಂಚಿನ ಪಟ್ಟಿ ಬಿಡು. ಎರಡೆಳೆ ಕೂಡಿಸು, ದಪ್ಪ ಕಡ್ಡಿ ತಗೋ. ಕಿವಿ ಮುಚ್ಚಿದ್ರೆ ಆಯ್ತು. ಅವನೇನು ಮದುವೆಗೆ ಹೋಗ್ತಾನಾ?"

ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಆಮೇಲೆ ಕಡ್ಡಿ ಹಿಡಿದರು. ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿದಾಗ ನೆತ್ತಿಯ ದಾರ ಎಳೆದು ಗಂಟು ಹಾಕುತ್ತಿದ್ದರು.

ಸೊಸೆಗೆ ಆ ಸಮಾಧಾನ ಎಂದೂ ಕೈಗೆ ಬರಲಿಲ್ಲ. ಅವಳದು ಬಿಗಿಯ ಕೈ. ಮನಸ್ಸು ಕದಡಿದರೆ ಇನ್ನೂ ಬಿಗಿ. ಅತ್ತೆ ಹೇಳಿಕೊಟ್ಟ ಅಷ್ಟೇ ಕುಣಿಕೆ ಹಾಕಿದರೂ ಅವಳ ಟೊಪ್ಪಿ ಒಂದು ಬೆರಳು ಕಿರಿದಾಗುತ್ತಿತ್ತು. "ನಿನ್ನ ಟೊಪ್ಪೀಲಿ ನೀರು ಸೇದಿದ್ರೂ ಸೋರಲ್ಲ," ಎಂದು ಅತ್ತೆ ನಗುತ್ತಿದ್ದರು. "ಉಸಿರು ಬಿಡೆ. ನೀನು ಬಿಟ್ರೆ ನೂಲೂ ಬಿಡತ್ತೆ."

*

ನಾದಿನಿ ಬಂದದ್ದು ಸದ್ದಿನಿಂದಲೇ ತಿಳಿಯಿತು. ಸೊಸೆ ಕಡ್ಡಿಗಳನ್ನು ಮೂಟೆಯ ಸಂದಿಗೆ ಸಿಕ್ಕಿಸಿ ನಡುಮನೆಗೆ ಓಡಿದಳು. ನಾದಿನಿ ಅಮ್ಮನ ಎದೆಯ ಮೇಲೆ ಮುಖವಿಟ್ಟು ಬಿದ್ದಿದ್ದಳು. ದೂರದ ಪಟ್ಟಣದ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ಕೆಲಸದ ಕೋಟಿನಲ್ಲೇ ಎದ್ದು ಬಂದಿದ್ದಳು.

ಅತ್ತು ಮುಗಿದ ಮೇಲೆ ಅವಳು ಕೈಚೀಲದಿಂದ ಬಾಚಣಿಗೆ ತೆಗೆದಳು. "ಅತ್ತಿಗೆ, ಈ ಬಟ್ಟೆ ತೆಗೀರಿ. ಅಮ್ಮನಿಗೆ ತಲೆ ಬಾಚ್ತೀನಿ."

"ಬೇಡ ಕಣೆ. ಡಾಕ್ಟರು..."

"ಡಾಕ್ಟರದು ಮುಗೀತಲ್ಲ ಇನ್ನು. ಚಿಕ್ಕೋಳಿದ್ದಾಗ ಅಮ್ಮನ ಜಡೆ ಹಿಡ್ಕೊಂಡೇ ನಾನು ನಡೆಯೋಕೆ ಕಲಿತದ್ದು. ಹಾಗೇ ಕೆದರಿಕೊಂಡು ಕಳಿಸ್ಲಾ?"

ಅವಳ ಕೈ ಬಟ್ಟೆಯ ಅಂಚಿಗೆ ಹೋಗಿತ್ತು. ಗುಬ್ಬಿಯಜ್ಜಿ ಮೂಲೆಯಿಂದ ಎದ್ದು ಬಂದು ಆ ಕೈಯನ್ನೇ ಹಿಡಿದುಕೊಂಡಳು. "ಮೊದ್ಲು ಮುಖ ತೊಳಿ ಬಾರೇ ಮಗಾ. ದಾರಿ ಧೂಳಲ್ಲಿ ಹೆತ್ತೋಳನ್ನ ಮುಟ್ತಾರಾ? ಬಾ, ಬಾ, ಎರಡು ಗುಟುಕು ಬಿಸಿ ಏನಾದ್ರೂ ಕುಡಿ. ಬಾಚೋಕೆ ಹೊತ್ತಿದೆ."

ಎಳೆದುಕೊಂಡು ಹೋಗುತ್ತಾ ಮುದುಕಿ ತಿರುಗಿ ಸೊಸೆಯತ್ತ ಹುಬ್ಬು ಹಾರಿಸಿದಳು: ಹೋಗು, ಹೆಣಿ. ಈ ಮುದುಕಿಗೆ ಎಲ್ಲ ಗೊತ್ತಿದೆಯೆಂದು ಸೊಸೆಗೆ ಆಗಲೇ ತಿಳಿದದ್ದು.

*

ಚಿಕಿತ್ಸೆ ಶುರುವಾದ ಮೇಲೆ ಒಂದು ದಿನ ಅತ್ತೆ ದಿಂಬಿನ ಮೇಲಿನ ಕೂದಲನ್ನು ಮುಷ್ಟಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಹೀಗೆ ಬಿಡಿ ಬಿಡಿಯಾಗಿ ಉದುರೋದು ನೋಡೋಕಾಗಲ್ಲ. ಕುರಿ ಕತ್ತರಿ ತಗೊಂಬಾ."

"ಏನತ್ತೆ ನೀವು!"

"ಅಷ್ಟೊಂದು ಕುರಿ ಬೋಳಿಸಿದೀಯ. ನಾನೊಬ್ಳು ಭಾರನಾ? ಹಿತ್ತಿಲಿಗೆ ಬಾ, ಬಿಸಿಲಿದೆ."

ಮೊದಲು ಜಡೆ ಕತ್ತರಿಸಿದಳು. ಅದನ್ನು ಅತ್ತೆ ಮಡಿಲಲ್ಲಿಟ್ಟುಕೊಂಡರು. ಉಳಿದದ್ದನ್ನು ಸೊಸೆ ಬುಡದಿಂದಲೇ ಕತ್ತರಿಸತೊಡಗಿದಳು. ಅತ್ತೆ ಕಣ್ಣು ಮುಚ್ಚಿ ಕೂತಿದ್ದವರು, "ಉಣ್ಣೆ ಹೇಗಿದೆ? ಎರಡು ಟೊಪ್ಪಿಗಾದ್ರೂ ಬರತ್ತಾ?" ಎಂದರು. ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅತ್ತೆಯ ಭುಜ ಕುಲುಕುತ್ತಲೇ ಇತ್ತು.

ಮಾರನೆಯ ದಿನ ತಮಗೆ ತಾವೇ ಒಂದು ನೀಲಿ ಟೊಪ್ಪಿ ಹೆಣೆದು, ಅದರ ಹಿಂಬದಿಯ ಅಂಚಿಗೆ ಆ ಜಡೆಯನ್ನು ಹೊಲಿದರು. ಮಗಳು ನೋಡಲು ಬಂದಾಗ ಟೊಪ್ಪಿಯ ಕೆಳಗಿನಿಂದ ಜಡೆ ಇಳಿಬಿದ್ದಿತ್ತು. "ಚಳಿ ಕಣೆ, ಅದಕ್ಕೇ ಟೊಪ್ಪಿ," ಎಂದರು ಅತ್ತೆ. ಮಗಳು ನಂಬಿದಳು. ಮಾತಾಡುತ್ತಾ ಆ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಸೊಸೆ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದಳು, ಎಲ್ಲಿ ಎಳೆದುಬಿಡುತ್ತಾಳೋ ಎಂದು.

ಅವಳು ಹೋದ ಮೇಲೆ ಅತ್ತೆ ಅಂದರು: "ಅವಳಿಗೆ ಇದು ಕಾಣ್ಬಾರ್ದು. ಊರಿಗೂ ಕಾಣ್ಬಾರ್ದು. ನಾನು ಹೋದ್ಮೇಲೂ ಅಷ್ಟೆ. ನೋಡ್ಕೋತೀಯಾ?"

"ಹೂಂ," ಎಂದಿದ್ದಳು ಸೊಸೆ.

*

ನೆತ್ತಿಗೆ ಇನ್ನು ಕೆಲವೇ ಸುತ್ತು ಉಳಿದಿತ್ತು. ಶವದ ವ್ಯಾನು ಬಂದು ನಿಂತ ಸದ್ದಾಯಿತು. ಜನ ಎದ್ದು ಅಂಗಳಕ್ಕೆ ಹೋದರು. ನಡುಮನೆ ಖಾಲಿಯಾದದ್ದನ್ನು ನೋಡಿ ಸೊಸೆ ಓಡಿಬಂದಳು. ಅತ್ತೆಯ ತಲೆಯ ಬಟ್ಟೆ ಬಿಚ್ಚಿ, ಕಡ್ಡಿಗಳಿದ್ದ ಹಾಗೆಯೇ ಟೊಪ್ಪಿಯನ್ನು ಹಾಕಿ ನೋಡಿದಳು.

ಕುಂಬಳಕಾಯಿಗೆ ಬಟ್ಟಲು ಮುಚ್ಚಿದ ಹಾಗೆ ಅದು ನೆತ್ತಿಯ ಮೇಲೇ ಕೂತಿತು.

ಎಳೆದಳು. ಕಿವಿ ಇರಲಿ, ಹಣೆಯ ಅಂಚಿಗೂ ಬರಲಿಲ್ಲ. ಏನಾಯಿತೆಂದು ಕೈಗೆ ಮೊದಲು ಹೊಳೆಯಿತು, ಆಮೇಲೆ ತಲೆಗೆ. ಕೂದಲಿಲ್ಲದ ತಲೆಯೆಂದು ಬೆಳಗ್ಗೆ ಯೋಚಿಸಿ ಅತ್ತೆಯ ಲೆಕ್ಕದಿಂದ ಕೆಲವು ಕುಣಿಕೆ ಕಳೆದಿದ್ದಳು. ತನ್ನ ಬಿಗಿಯ ಕೈಗೆಂದು ಕೂಡಿಸುವುದನ್ನು ಮರೆತಿದ್ದಳು. ಅದೂ ಚೆಂದ ಬರಲೆಂದು ಒಂಟಿ ಎಳೆ, ಸಣ್ಣ ಕಡ್ಡಿ. ಬೆಳಗಿನಿಂದ ಒಮ್ಮೆಯೂ ಅವಳು ಸುಮ್ಮನೆ ಕೂತಿರಲಿಲ್ಲ.

"ಅತ್ತಿಗೆ."

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಬಿಚ್ಚಿದ ಬಟ್ಟೆ ಅತ್ತ ಬಿದ್ದಿತ್ತು, ಮುಚ್ಚಲು ಕೈಯಲ್ಲಿ ಏನೂ ಇರಲಿಲ್ಲ. ಸೊಸೆ ತನ್ನೆರಡು ಅಂಗೈಗಳನ್ನೇ ಅತ್ತೆಯ ತಲೆಯ ಮೇಲಿಟ್ಟಳು.

"ಜಡೆ ಎಲ್ಲಿ?" ನಾದಿನಿ ಹತ್ತಿರ ಬಂದಳು. "ಹೋದ ಸಲ ಇತ್ತಲ್ಲ. ನಾನೇ ಮುಟ್ಟಿದೀನಿ."

"ಟೊಪ್ಪಿಗೆ ಹೊಲ್ಕೊಂಡಿದ್ರು."

"ಏನು?"

"ನೀನು ನೋಡ್ಬಾರ್ದು ಅಂತ."

ನಾದಿನಿಯ ಬಾಯಿಂದ ನಗುವಿನಂಥ ಏನೋ ಹೊರಟು ನಡುವೆಯೇ ಮುರಿಯಿತು. "ನಿಮಗೆಲ್ಲಾ ತೋರ್ಸಿದ್ಳು. ನಾನು ಹೊಟ್ಟೇಲಿ ಹುಟ್ಟಿದೋಳು, ನನಗೆ ಹೊಲಿದ ಜಡೆನಾ? ನೀವಾದ್ರೂ ಒಂದು ಫೋನು ಮಾಡೋಕಾಗ್ತಿರ್ಲಿಲ್ವಾ?"

"ಮಾತು ಕೊಟ್ಟಿದ್ದೆ."

"ಮಾತಂತೆ!"

"ನನ್ನ ಮುಂದೆ ಅವರಿಗೆ ನಾಚಿಕೆ ಇರ್ಲಿಲ್ಲ," ಎಂದಳು ಸೊಸೆ. "ನಿನ್ನ ಮುಂದೆ ಇತ್ತು. ನಿನ್ನ ಕಣ್ಣಲ್ಲಿ ಅವರು ಇನ್ನೂ ಜಡೆ ಬಿಟ್ಕೊಂಡು ಓಡಾಡ್ತಿದ್ರಲ್ಲ. ನಾನು ಅವರ ಪ್ರಾಯ ನೋಡ್ಲೇ ಇಲ್ಲ. ನಾನು ಬರೋ ಹೊತ್ತಿಗೇ ಮುಪ್ಪು ಬಂದಿತ್ತು."

ನಾದಿನಿ ಅಮ್ಮನ ತಲೆಯನ್ನೇ ನೋಡುತ್ತಿದ್ದಳು. ಅದು ಸಣ್ಣದಾಗಿ, ನುಣ್ಣಗೆ, ಒಂದು ಕಡೆ ಸ್ವಲ್ಪ ಚಪ್ಪಟೆಯಾಗಿತ್ತು. ಅವಳ ಕೈ ತನಗರಿವಿಲ್ಲದೆ ಹೋಗಿ ತನ್ನ ತಲೆಯ ಅದೇ ಜಾಗವನ್ನು ಮುಟ್ಟಿ ನೋಡಿಕೊಂಡಿತು.

ಅಂಗಳದಲ್ಲಿ ಹೆಜ್ಜೆ ಸದ್ದು ಹತ್ತಿರವಾಯಿತು. ನಾದಿನಿ ಸರಕ್ಕನೆ ಬಟ್ಟೆ ಎತ್ತಿ ಅಮ್ಮನ ತಲೆಗೆ ಸುತ್ತಿದಳು. "ಎಷ್ಟು ಹೊತ್ತು ಬೇಕು ನಿಮಗೆ?"

"ಇದು ಆಗಲ್ಲ. ಎಲ್ಲಾ ಬಿಚ್ಚಿ ಮೊದಲಿಂದ."

"ಬಿಚ್ಚಿ. ನಾನು ಇಲ್ಲೇ ಕೂರ್ತೀನಿ. ಯಾರು ಮುಟ್ತಾರೋ ನೋಡ್ತೀನಿ."

ಬಂದವನು ಸೊಸೆಯ ಗಂಡ. "ಹೊರಡೋದು ತಡ ಆಗತ್ತಂತೆ. ಗುಂಡೀಲಿ ಬಂಡೆ ಸಿಕ್ಕಿದೆ. ಪಕ್ಕದಲ್ಲಿ ಬೇರೆ ತೋಡ್ತಿದಾರೆ."

"ಬಂಡೆ ಹೊಟ್ಟೆ ತಣ್ಣಗಿರ್ಲಿ," ಎಂದಳು ಅವನ ಹಿಂದೆಯೇ ಬಂದ ಗುಬ್ಬಿಯಜ್ಜಿ. ಟೊಪ್ಪಿಯನ್ನು ಕಸಿದುಕೊಂಡು ಹಿಗ್ಗಿಸಿ ನೋಡಿದಳು. "ಥೂ ನಿನ್ನ! ಬೆಕ್ಕಿಗೆ ಹೆಣೆದ್ಯಾ? ತಾ, ನಾನು ಬಿಚ್ತೀನಿ. ನೀನು ದಪ್ಪ ಕಡ್ಡಿ ಹುಡುಕು ಹೋಗು."

ಸೊಸೆ ದಪ್ಪ ಕಡ್ಡಿ ತಂದಳು. ತಂದು, ಅತ್ತೆಯ ತಲೆಯ ಬಳಿ ನೆಲದ ಮೇಲೆ ಕೂತಳು. ಕಡ್ಡಿ ಮುಟ್ಟಲಿಲ್ಲ. ಮುದುಕಿ ಸರಸರನೆ ಬಿಚ್ಚುತ್ತಿದ್ದಳು, ಸುರುಳಿಬಿದ್ದ ನೂಲು ಅವಳ ಮಡಿಲು ತುಂಬುತ್ತಿತ್ತು. ಸೊಸೆ ಒಂದು ಕೈ ಚಾಚಿ ಅತ್ತೆಯ ತಲೆಯನ್ನು ಗೇಣಿನಿಂದ ಅಳೆದಳು. ಮತ್ತೊಮ್ಮೆ ಅಳೆದಳು.

"ಕೂತ್ಯಲ್ಲೇ?" ಎಂದ ಗಂಡ ಗಾಬರಿಯಿಂದ.

"ಕೂತ್ಕೊಳ್ಲಿ ಬಿಡೋ," ಎಂದಳು ಗುಬ್ಬಿಯಜ್ಜಿ.

ಆಮೇಲೆ ಸೊಸೆ ಎರಡೆಳೆ ಕೂಡಿಸಿ, ಒಂದೇ ಉಂಡೆಯಾಗಿ ಸುತ್ತಿಕೊಂಡು ಶುರುಮಾಡಿದಳು.

*

ಹೊಸ ಗುಂಡಿ ಆಯಿತೆಂದು ಸುದ್ದಿ ಬಂದಾಗ ಟೊಪ್ಪಿ ಕಿವಿಯಿಂದ ಹುಬ್ಬಿನವರೆಗೆ ಮುಚ್ಚುವಷ್ಟು ಬೆಳೆದಿತ್ತು. ನೆತ್ತಿ ಮಾತ್ರ ಬಾಯಿ ತೆರೆದುಕೊಂಡಿತ್ತು. ಅತ್ತೆಯನ್ನು ಮಲಗಿಸಿದ್ದ ಹಲಗೆಯನ್ನು ವ್ಯಾನಿಗೆ ಏರಿಸಿದರು. ನಾದಿನಿ, "ಒಳಗೆ ನಾವಿಬ್ರೇ," ಎಂದು ಗಟ್ಟಿಯಾಗಿ ಹೇಳಿ ಸೊಸೆಯನ್ನು ಮೊದಲು ಹತ್ತಿಸಿದಳು. ಹಿಂದಿನ ಬಾಗಿಲು ಮುಚ್ಚುತ್ತಿರಲಿಲ್ಲ, ಹಲಗೆ ಉದ್ದವಾಗಿ ಕಾಲಿನ ಕಡೆ ಹೊರಗೆ ಚಾಚಿತ್ತು. ಊರವರು ಹಿಂದೆ ನಡೆದುಬಂದರು.

"ನನಗೆ ಇನ್ನೊಂದು ಕಡೆ ಹೋಗೋದಿದೆ," ಎನ್ನುತ್ತಾ ವ್ಯಾನಿನ ಡ್ರೈವರು ಗಾಡಿ ಎಬ್ಬಿಸಿದ. ಹೊಸ ಗುಂಡಿಗಾಗಿ ಕಾದು ಕಾದು ಅವನ ತಾಳ್ಮೆ ತೀರಿತ್ತು.

ನಾದಿನಿ ತಲೆಯ ಬಟ್ಟೆ ಬಿಚ್ಚಿದಳು. ಅಮ್ಮನ ತಲೆಯನ್ನು ಎರಡು ಅಂಗೈಗಳಲ್ಲಿ ಎತ್ತಿ ಹಿಡಿದಳು. ಸೊಸೆ ಟೊಪ್ಪಿಯನ್ನು ಮೆಲ್ಲಗೆ ಹಣೆಗಿಳಿಸಿ, ತಲೆಯ ಮೇಲೇ ಹೆಣೆಯತೊಡಗಿದಳು. ಪ್ರತಿ ಸುತ್ತಿಗೂ ಕುಣಿಕೆಗಳನ್ನು ಜೋಡಿ ಜೋಡಿಯಾಗಿ ಸೇರಿಸುತ್ತಾ ಬಾಯಿ ಕಿರಿದಾಗಿಸಬೇಕು. ಗಾಡಿ ಕುಲುಕಿದಾಗೆಲ್ಲ ಕಡ್ಡಿಯ ತುದಿ ಅತ್ತೆಯ ನೆತ್ತಿಗೆ ತಾಗುತ್ತಿತ್ತು. ಆಗೆಲ್ಲ ಸೊಸೆ, "ಅಯ್ಯೋ ಅತ್ತೆ," ಎನ್ನುತ್ತಿದ್ದಳು.

"ಅಣ್ಣಾ, ನಿಧಾನ," ಎಂದಳು ನಾದಿನಿ ಮುಂದಕ್ಕೆ.

ಡ್ರೈವರು ಬೈಯಲು ಬಾಯಿ ತೆರೆದು ಕನ್ನಡಿಯಲ್ಲಿ ಹಿಂದೆ ನೋಡಿದ. ಬಾಯಿ ಮುಚ್ಚಿಕೊಂಡ. ಗಾಡಿ ಎತ್ತು ನಡೆದಂತೆ ನಡೆಯಿತು.

"ಏನಾಯ್ತಯ್ಯಾ?" ಹಿಂದಿನಿಂದ ಯಾರೋ ಕೂಗಿದರು.

"ಗೇರು ಬೀಳ್ತಿಲ್ಲ," ಎಂದು ಕಿಟಕಿಯಿಂದ ಕೂಗಿ ಹೇಳಿದ ಅವನು.

ಮೋರಿಯ ಹತ್ತಿರ ಗಾಡಿ ಹಳ್ಳಕ್ಕಿಳಿದು ಹತ್ತಿತು. ಉಂಡೆ ಸೊಸೆಯ ಮಡಿಲಿನಿಂದ ಜಿಗಿದು, ಹಲಗೆಯ ಪಕ್ಕದಲ್ಲೇ ಉರುಳಿ, ತೆರೆದ ಬಾಗಿಲಿನಿಂದ ರಸ್ತೆಗೆ ಬಿತ್ತು.

"ನಿಲ್ಲಿಸ್ಲಾ?" ಎಂದ ಡ್ರೈವರು.

"ಬೇಡ, ನಿಂತ್ರೆ ಜನ ಹತ್ರ ಬಂದ್ಬಿಡ್ತಾರೆ! ಹೀಗೇ ಹೋಗಿ!"

ಅವಳ ಕೈ ನಿಲ್ಲಲಿಲ್ಲ. ಅವಳ ಬೆರಳಿನಿಂದ ಹೊರಟ ಜೋಡಿ ಎಳೆ ಅತ್ತೆಯ ಮೈಯುದ್ದಕ್ಕೂ ಹಾದು, ಪಾದ ದಾಟಿ, ರಸ್ತೆಯ ಮೇಲೆ ಬಿಚ್ಚಿಕೊಳ್ಳುತ್ತಾ ಹೋಯಿತು. ಹಿಂದೆ ಬರುತ್ತಿದ್ದ ಜನ ನೂಲನ್ನು ಕಂಡು, ಏನೆಂದು ತಿಳಿಯದೆಯೂ ತುಳಿಯದಂತೆ ಕಾಲೆತ್ತಿ ಕಾಲೆತ್ತಿ ಇಟ್ಟರು. ಒಬ್ಬ ಮುದುಕ ಅದರ ಪಕ್ಕಕ್ಕೆ ಸರಿದು ಚಪ್ಪಲಿ ಕೈಗೆತ್ತಿಕೊಂಡ. ಗುಬ್ಬಿಯಜ್ಜಿ ಗುಂಪನ್ನು ಸೀಳಿಕೊಂಡು ಬಂದಳು. ಬಗ್ಗಿ ಉಂಡೆಯನ್ನು ಎತ್ತಿ, ಮಣ್ಣು ಕೊಡವಿ, ಸುತ್ತತೊಡಗಿದಳು. ಸುತ್ತುತ್ತಾ, ಏದುತ್ತಾ, ಗಾಡಿಗಿಂತ ಒಂದು ಹೆಜ್ಜೆ ಬೇಗ ನಡೆದು, ಎಳೆ ಸಡಿಲಾಗದಂತೆ, ಬಿಗಿಯೂ ಆಗದಂತೆ ಹತ್ತಿರ ಬಂದಳು.

ಗಾಡಿ ಸ್ಮಶಾನದ ಗೇಟಿನ ಬಳಿ ನಿಂತಾಗ ಅವಳು ಬಾಗಿಲಿಗೆ ಮುಟ್ಟಿದ್ದಳು. ಕಡ್ಡಿಯ ಮೇಲೆ ಬೆರಳೆಣಿಕೆಯ ಕುಣಿಕೆ ಉಳಿದಿದ್ದವು.

"ಕತ್ತರಿ," ಎಂದಳು ಸೊಸೆ.

ಕತ್ತರಿ ಯಾರೂ ತಂದಿರಲಿಲ್ಲ. ಜನ ಹತ್ತಿರವಾಗುತ್ತಿದ್ದರು. ಗುಬ್ಬಿಯಜ್ಜಿ ವ್ಯಾನಿನೊಳಕ್ಕೆ ಅರ್ಧ ಮೈ ತೂರಿಸಿ, ಒಂದು ಮೊಳ ಬಿಟ್ಟು ನೂಲನ್ನು ತನ್ನ ಉಳಿದೆರಡು ಹಲ್ಲುಗಳ ನಡುವೆ ಸಿಕ್ಕಿಸಿ ಕಚ್ಚಿದಳು. ಒಮ್ಮೆಗೆ ಹರಿಯಲಿಲ್ಲ. ತಲೆ ಅಲ್ಲಾಡಿಸಿ ಮತ್ತೆ ಕಚ್ಚಿದಳು. ಎಂಜಲಿನಲ್ಲಿ ತುದಿಯನ್ನು ಹೊಸೆದು ಚೂಪು ಮಾಡಿ ಸೊಸೆಯ ಕೈಗಿಟ್ಟಳು.

ಸೊಸೆ ಆ ತುದಿಯನ್ನು ಉಳಿದ ಕುಣಿಕೆಗಳೊಳಗೆ ಒಂದೊಂದಾಗಿ ತೂರಿಸಿ, ಕಡ್ಡಿಗಳನ್ನು ಕಳಚಿದಳು. ಹಿಡಿದಿದ್ದ ಉಸಿರು ಬಿಟ್ಟು, ಎಳೆದಳು. ನೆತ್ತಿಯ ಮೇಲೆ ಕಾಣುತ್ತಿದ್ದ ಚರ್ಮದ ಸಣ್ಣ ಬಿಲ್ಲೆ ಸುತ್ತಲಿಂದ ಕಿರಿದಾಗುತ್ತಾ ಬಂದು ಮುಚ್ಚಿಕೊಂಡಿತು. ನಾದಿನಿ ಕೈ ತೆಗೆದಳು. ತಲೆ ಹಲಗೆಯ ಮೇಲೆ ಮೆತ್ತಗೆ ಇಳಿಯಿತು.

ಬಾಲದಂತೆ ಉಳಿದ ಎಳೆಯನ್ನು ಒಳಗೆ ಸಿಕ್ಕಿಸಲು ಪುರುಸೊತ್ತು ಸಿಗಲಿಲ್ಲ. ಗಂಡಸರು ಆಗಲೇ ಹಲಗೆಗೆ ಹೆಗಲು ಕೊಟ್ಟಿದ್ದರು. ಅವರ ತಲೆಗಳ ನಡುವೆ ಬೂದು ಬಣ್ಣದ ಟೊಪ್ಪಿ ಮುಂದೆ ಮುಂದೆ ಹೋಯಿತು. ನೆತ್ತಿಯಲ್ಲಿ ಉಳಿದಿದ್ದ ಗೇಣುದ್ದದ ನೂಲು, ಎಂಜಲಿಗೆ ಒದ್ದೆಯಾದ ತುದಿ ಕೆಳಗೆ ಮಾಡಿಕೊಂಡು, ಹೊತ್ತವರ ಹೆಜ್ಜೆಗೆ ತಕ್ಕಂತೆ ಒಮ್ಮೆ ಆ ಕಿವಿಯ ಕಡೆಗೆ, ಒಮ್ಮೆ ಈ ಕಿವಿಯ ಕಡೆಗೆ ತೂಗುತ್ತಿತ್ತು.